ಕಾವೇರಿಯ ಡುಬ್ಬದ ಮಹಶೀರ್: ಅಳಿವು ಮತ್ತು ಚೇತರಿಕೆಯ ಸಾಧ್ಯತೆ

ಡುಬ್ಬದ ಮಹಶೀರ್ ಕಾವೇರಿ ಕೊಳ್ಳದಲ್ಲಿ ಮಾತ್ರ ಬದುಕುವ ಸಿಹಿನೀರಿನ ಮೀನು. ಶಾಸ್ತ್ರೀಯ ಹೆಸರು ಟಾರ್ ರೆಮಾದೇವಿ. ಗೆಂಡೆ, ಕಟ್ಲಾ, ರೋಹು ಮೀನುಗಳಿರುವ ಸಿಪ್ರಿನಿಡೇ ಕುಟುಂಬಕ್ಕೇ ಇದೂ ಸೇರಿದ್ದರೂ ಗಾತ್ರದಲ್ಲಿ ಅವನ್ನೆಲ್ಲ ಮೀರಿಸುತ್ತದೆ. ಪೂರ್ತಿ ಬೆಳೆದ ಮೀನು 50 ಕಿಲೋ ದಾಟಿದ್ದುಂಟು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ (ಐಯುಸಿಎನ್) 2018ರಲ್ಲಿ ಇದನ್ನು ಕೆಂಪು ಪಟ್ಟಿಯ ‘ತೀವ್ರ ಅಪಾಯದಂಚಿನಲ್ಲಿರುವ’ ವರ್ಗಕ್ಕೆ ಸೇರಿಸಿತು. ಆ ವರ್ಗದ ಆಚೆಗೆ ಉಳಿಯುವುದು ಎರಡೇ ಮೆಟ್ಟಿಲು: ಕಾಡಿನಲ್ಲಿ ಅಳಿದದ್ದು, ಪೂರ್ತಿ ಅಳಿದದ್ದು. ಇದು ಈಜುವ ಹೊಳೆಗೆ ನೀರು ಕುಡಿಯಲು ಬರುವ ಹುಲಿಯೂ ಆನೆಯೂ ಅದೇ ಪಟ್ಟಿಯಲ್ಲಿ ಇದಕ್ಕಿಂತ ಒಂದು ಮೆಟ್ಟಿಲು ಸುರಕ್ಷಿತ ಜಾಗದಲ್ಲಿವೆ. ಹುಲಿಗೂ ಆನೆಗೂ ದೇಶಮಟ್ಟದ ಯೋಜನೆಗಳಿವೆ. ನೀರಿನೊಳಗಿರುವ ಈ ಮೀನನ್ನು ಎಣಿಸಿದವರೇ ಕಡಿಮೆ.

ಅಪಾಯದಲ್ಲಿರುವ ಜೀವಿಯೊಂದರ ಚೇತರಿಕೆಯನ್ನು ಅಂದಾಜು ಮಾಡುವಾಗ ಕೇಳಬೇಕಾದ ಪ್ರಶ್ನೆಗಳು ಮೂರು. ನಾವು ಉಳಿಸಲು ಹೊರಟಿರುವುದು ನಿಜಕ್ಕೂ ಯಾವ ಜೀವಿಯನ್ನು? ಅದು ಎಲ್ಲೆಲ್ಲಿ ಉಳಿದಿದೆ? ಅದನ್ನು ಕುಗ್ಗಿಸಿದ ಕಾರಣಗಳಲ್ಲಿ ಯಾವುದನ್ನು ಇನ್ನೂ ಹಿಂದಕ್ಕೆ ತಿರುಗಿಸಬಹುದು? ಡುಬ್ಬದ ಮಹಶೀರಿನ ವಿಷಯದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದೇ 2018ರಲ್ಲಿ. ಅಷ್ಟರೊಳಗೆ ಆಗಬಾರದ್ದು ಬಹಳಷ್ಟು ಆಗಿಹೋಗಿತ್ತು.

ರೂಪ ಮತ್ತು ಬದುಕು

ತಲೆ ಮುಗಿದು ಬೆನ್ನು ಶುರುವಾಗುವಲ್ಲಿ ಎದ್ದುನಿಂತ ಡುಬ್ಬವೇ ಈ ಮೀನಿನ ಗುರುತು. ಹಳ್ಳಿಕಾರ್ ಹೋರಿಯ ಹಿಣಿಲನ್ನು ಕಂಡವರಿಗೆ ಈ ಡುಬ್ಬದ ಏರು ತಟ್ಟನೆ ಹೊಳೆಯುತ್ತದೆ. ಕಣ್ಣಿನ ಮುಂದೆ ಮೂತಿಯ ರೇಖೆ ಸಣ್ಣದಾಗಿ ಬಾಗಿರುತ್ತದೆ. ಬಾಯಿ ತುಸು ಮೇಲ್ಮುಖ, ಬಾಲದ ರೆಕ್ಕೆ ಕಿತ್ತಳೆ ಬಣ್ಣ. ಹುರುಪೆಗಳು ದೊಡ್ಡವು, ದೊಡ್ಡ ಮೀನಿನ ಒಂದು ಹುರುಪೆ ಅಂಗೈಯಲ್ಲಿಟ್ಟರೆ ಅಂಗೈಯ ಬಹುಭಾಗವನ್ನು ಮುಚ್ಚುತ್ತದೆ. ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಏಡಿ, ಶಂಖದ ಹುಳು, ಚಿಕ್ಕ ಮೀನು, ದಡದ ಮರದಿಂದ ಉದುರಿದ ಹಣ್ಣು, ಎಲ್ಲವೂ ಅಲ್ಲಿ ಅರೆದುಹೋಗುತ್ತವೆ. ಹೊಳೆದಂಡೆಯ ಮರಗಳನ್ನು ಕಡಿದರೆ ಮೀನಿನ ಊಟಕ್ಕೂ ಪೆಟ್ಟು ಬೀಳುವುದು ಹೀಗೆ.

ಚೇತರಿಕೆಯ ಲೆಕ್ಕಕ್ಕೆ ಬಹು ಮುಖ್ಯವಾದದ್ದು ಇದರ ಸಂತಾನದ ರೀತಿ. ಮಹಶೀರ್‌ಗಳು ಮುಂಗಾರಿನ ಹೊಸ ನೀರು ಏರುವಾಗ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸಾಗುತ್ತವೆ. ಹರಳುಗಲ್ಲು ಹಾಸಿದ, ಉಸಿರುಗಾಳಿ ಚೆನ್ನಾಗಿ ಬೆರೆತ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆ ತಳಕ್ಕಿಳಿದು ಕಲ್ಲುಗಳ ಸಂದಿಯಲ್ಲಿ ಕೆಲವು ದಿನ ಕುಳಿತು ಒಡೆಯಬೇಕು. ಆ ದಿನಗಳಲ್ಲಿ ನೀರು ಇಳಿದರೆ ಮೊಟ್ಟೆ ಒಣಗುತ್ತದೆ, ಹೂಳು ಬಂದರೆ ಉಸಿರುಕಟ್ಟುತ್ತದೆ, ಮರಳಿನ ಲಾರಿ ಬಂದು ಹಾಸನ್ನೇ ಅಗೆದುಕೊಂಡು ಹೋದರೆ ಮೊಟ್ಟೆಯಿಡಲು ಜಾಗವೇ ಇರುವುದಿಲ್ಲ. ರೋಹು ಮೀನು ದೇಹದ ತೂಕದ ಒಂದೊಂದು ಕಿಲೋಗೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆಯಿಟ್ಟರೆ ಮಹಶೀರಿನದು ಸಾವಿರದ ಲೆಕ್ಕ. ಬಲಿತು ಮರಿಮಾಡುವ ಹಂತಕ್ಕೆ ಬರಲೂ ಹಲವು ವರ್ಷ ಬೇಕು. ನಿಧಾನವಾಗಿ ಬೆಳೆದು, ಬಹುಕಾಲ ಬದುಕಿ, ಕಡಿಮೆ ಮರಿಹಾಕುವ ಜೀವಿಗಳು ಬಿದ್ದರೆ ಬೇಗ ಏಳಲಾರವು. ಈ ಮೀನಿನ ಚೇತರಿಕೆಯನ್ನು ಚುನಾವಣೆಯ ಅವಧಿಗಳಲ್ಲಿ ಅಳೆಯಲಾಗದು.

ಹೆಸರಿಲ್ಲದ ಪ್ರಸಿದ್ಧಿ

ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಪ್ರಕಟವಾದಾಗಿನಿಂದ ಭಾರತದ ಮಹಶೀರ್ ಗಾಳದ ಹವ್ಯಾಸಿಗಳ ಲೋಕದಲ್ಲಿ ಮನೆಮಾತು. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮೀನು ಇಂದಿಗೂ ದಾಖಲೆಯಾಗಿ ಉಲ್ಲೇಖವಾಗುತ್ತದೆ. ಇಷ್ಟು ಹೆಸರು ಮಾಡಿದ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ. ಬಹುಕಾಲ ಇದನ್ನು ಮುಸ್ಸುಲ್ಲಾ ಎಂಬ ಇನ್ನೊಂದು ಜಾತಿಯ ಹೆಸರಿನಿಂದ ಕರೆದರು. ಅದು ಬೇರೆಯೇ ಕುಲದ ಮೀನು ಎಂದು ತಿಳಿದ ಮೇಲೆ ಕಾವೇರಿಯ ಈ ದೈತ್ಯ ಹೆಸರಿಲ್ಲದೆ ಉಳಿಯಿತು.

ಉತ್ತರ ಸಿಕ್ಕಿದ್ದು ಕೇರಳದ ಒಂದು ಪುಟ್ಟ ಹೊಳೆಯಲ್ಲಿ. ಚಿನ್ನಾರ್ ವನ್ಯಧಾಮದಲ್ಲಿ ಹರಿದು ಅಮರಾವತಿಯ ಮೂಲಕ ಕಾವೇರಿಗೆ ಸೇರುವ ಪಾಂಬಾರ್ ನದಿಯ ಎಳೆಯ ಮೀನುಗಳನ್ನು ನೋಡಿ ಮಧುಸೂದನ ಕುರುಪ್ ಮತ್ತು ರಾಧಾಕೃಷ್ಣನ್ ಅವರು ಟಾರ್ ರೆಮಾದೇವಿ ಎಂಬ ಹೊಸ ಜಾತಿಯನ್ನು ವಿವರಿಸಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನುತಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರದು. 2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೋಯಾರ್ ನದಿಯ ಮೀನುಗಳ ದೇಹರಚನೆಯನ್ನೂ ಡಿಎನ್‌ಎಯನ್ನೂ ಹೋಲಿಸಿ, ಪಾಂಬಾರಿನ ಆ ಮರಿಯೂ ಕಾವೇರಿಯ ದೈತ್ಯನೂ ಒಂದೇ ಜಾತಿ ಎಂದು ತೋರಿಸಿಕೊಟ್ಟರು. ಅದೇ ವರ್ಷ ಕೆಂಪು ಪಟ್ಟಿಯಲ್ಲೂ ಜಾಗ ಸಿಕ್ಕಿತು. ಹೆಸರಿಲ್ಲದ ಜಾತಿಗೆ ಅಪಾಯದ ವರ್ಗ ಕೊಡಲಾಗದು, ಕಾನೂನು ಬರೆಯಲಾಗದು, ಹಣ ಕೇಳಲಾಗದು. ಹೆಸರಿಡುವ ಶಾಸ್ತ್ರ ಬರೀ ಪಂಡಿತರ ಜಗಳ ಎನ್ನುವವರು ಈ ಒಂದು ಪ್ರಕರಣವನ್ನು ನೋಡಬೇಕು.

ಹೆಚ್ಚಿದ ಮೀನು, ಕರಗಿದ ಜಾತಿ

ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ಮಹಶೀರ್ ಮರಿ ಉತ್ಪಾದನೆ ಕೈಗೊಂಡಿತು. ಅಣೆಕಟ್ಟುಗಳಿಂದ ಸೊರಗಿದ ಮೀನಿಗೆ ಮರುಜೀವ ಕೊಡುವ ಈ ಕೆಲಸ ಒಳ್ಳೆಯ ಮನಸ್ಸಿನಿಂದಲೇ ಶುರುವಾದದ್ದು. ಅಲ್ಲಿ ಬೆಳೆಸಿದ್ದು ಟಾರ್ ಖುದ್ರೀ ಎಂಬ ನೀಲಿ ರೆಕ್ಕೆಯ ಮಹಶೀರ್. ಪುಣೆಯ ಮುಳಾ-ಮುಠಾ ನದಿಯಿಂದ ಕರ್ನಲ್ ಸೈಕ್ಸ್ 1839ರಲ್ಲಿ ವಿವರಿಸಿದ ಜಾತಿ, ಕೃಷ್ಣಾ ಕೊಳ್ಳದ ಮೀನು. ಅದರ ಮರಿಗಳು ಕಾವೇರಿಗೂ ಬಂದವು. ಮಹಶೀರ್ ಎಂದರೆ ಎಲ್ಲವೂ ಒಂದೇ ಎಂಬ ನಂಬಿಕೆಯಲ್ಲಿ ಬಿತ್ತನೆ ನಡೆಯಿತು.

ಮುಂದೆ ಏನಾಯಿತು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ಶಿವನಸಮುದ್ರದ ಕೆಳಗೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳದ ಶಿಬಿರಗಳಿದ್ದವು. ರಾಗಿ ಹಿಟ್ಟನ್ನು ಕಲಸಿ, ಬೇಯಿಸಿ, ನಿಂಬೆಗಾತ್ರದಿಂದ ಕಿತ್ತಳೆಗಾತ್ರದವರೆಗೆ ಉಂಡೆ ಕಟ್ಟಿ ಗಾಳಕ್ಕೆ ಚುಚ್ಚುವುದು ಇಲ್ಲಿನ ಕ್ರಮ. ಬಂಡೆಗಳ ನಡುವಿನ ಮಡುವಿಗೆ ಉಂಡೆ ಬೀಳುತ್ತದೆ, ದಾರ ಸರ್ರನೆ ಓಡುತ್ತದೆ, ಹರಿಗೋಲಿನವನು ಮೀನಿನ ಹಿಂದೆ ಹುಟ್ಟು ಹಾಕುತ್ತಾನೆ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಸುಧಾರಿಸಿಕೊಳ್ಳಲು ಬಿಟ್ಟು ಹೊಳೆಗೇ ಕಳಿಸಬೇಕೆಂಬುದು ಶಿಬಿರದ ನಿಯಮ. 1998ರಿಂದ 2012ರವರೆಗಿನ ಆ ಲೆಕ್ಕದ ಪುಸ್ತಕಗಳನ್ನು ಪಿಂಡರ್ ತಂಡ ಕೂತು ಓದಿತು. 23,620 ಗಂಟೆಗಳ ಗಾಳ, 6,161 ಮೀನು. ಅರ್ಧ ಕಿಲೋಗಿಂತ ಕಡಿಮೆಯ ಮರಿಯಿಂದ 46.8 ಕಿಲೋದವರೆಗಿನ ತೂಕ.

ಮೇಲುನೋಟಕ್ಕೆ ಲೆಕ್ಕ ಶುಭಸುದ್ದಿಯಂತೆ ಕಾಣುತ್ತಿತ್ತು. ವರ್ಷದಿಂದ ವರ್ಷಕ್ಕೆ ಸಿಕ್ಕ ಮಹಶೀರ್‌ಗಳ ಸಂಖ್ಯೆ ಏರಿತ್ತು. ಜಾತಿವಾರು ಬಿಡಿಸಿದಾಗ ಚಿತ್ರ ತಲೆಕೆಳಗಾಯಿತು. ಏರಿದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ ಮಹಶೀರ್ ಸಿಗುವುದು ಅಪರೂಪವಾಗುತ್ತ ಹೋಗಿತ್ತು, ಸಿಕ್ಕವು ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡವಾಗಿದ್ದವು. ಗಾಳದವನಿಗೆ ದೊಡ್ಡ ಮೀನು ಹಬ್ಬ. ಜೀವಶಾಸ್ತ್ರಜ್ಞನ ಕಣ್ಣಿಗೆ ಅದು ಮರಿಗಳಿಲ್ಲದ ಊರು, ಬರೀ ಮುದುಕರು ಉಳಿದ ಹಳ್ಳಿ. ಹೊಸ ತಲೆಮಾರು ಬರುವುದು ನಿಂತಿದೆ ಎಂಬುದರ ಗುರುತು ಇದು. ಒಟ್ಟು ಸಂಖ್ಯೆಯೊಂದನ್ನೇ ನೋಡಿದ್ದರೆ ಮಹಶೀರ್ ಚೇತರಿಸಿತೆಂದು ವರದಿ ಬರೆದು ಮುಗಿಸಬಹುದಿತ್ತು. ನೀಲಿ ರೆಕ್ಕೆಯದು ಇಂದು ಕೆಂಪು ಪಟ್ಟಿಯಲ್ಲಿ ಹೆಚ್ಚು ಕಾಳಜಿ ಬೇಡದ ವರ್ಗದಲ್ಲಿದೆ.

ಹೊರಗಿನ ಮೀನಿನ ಬಿತ್ತನೆಯೊಂದೇ ಕಾರಣವಲ್ಲ. ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಶುರುವಾಯಿತು, ಮೆಟ್ಟೂರು ಅಣೆಕಟ್ಟು 1934ರಲ್ಲಿ ಮುಗಿಯಿತು. ಇವೆರಡರ ನಡುವೆ ಕೃಷ್ಣರಾಜಸಾಗರ, ಆಮೇಲೆ ಕಬಿನಿ, ಹಾರಂಗಿ, ಹೇಮಾವತಿ. ಉದ್ದಕ್ಕೆ ಹರಿಯುತ್ತಿದ್ದ ಹೊಳೆ ತುಂಡುತುಂಡಾಯಿತು. ಮೇಲೇರುವ ಮೀನಿಗೆ ದಾರಿ ಮುಚ್ಚಿತು. ವಿದ್ಯುತ್ತಿಗಾಗಿ ಬಿಟ್ಟು ನಿಲ್ಲಿಸುವ ನೀರು ಗಂಟೆಗಂಟೆಗೂ ಮಟ್ಟ ಬದಲಿಸುತ್ತದೆ. ಸಿಡಿಮದ್ದು ಎಸೆದು ಮೀನು ಹಿಡಿಯುವ ಕೆಟ್ಟ ಚಾಳಿ ಒಂದೇ ಸದ್ದಿಗೆ ಮಡುವಿನ ತಾಯಿಮೀನು, ಮರಿ, ಏಡಿ ಎಲ್ಲವನ್ನೂ ಮುಗಿಸುತ್ತದೆ. ಸಂಗಮದಲ್ಲಿ ಬಂದು ಸೇರುವ ಅರ್ಕಾವತಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತದೆ.

ಚೇತರಿಕೆ ಎಂದರೇನು

ಕೆಂಪು ಪಟ್ಟಿ ಅಳಿವಿನ ಅಪಾಯವನ್ನು ಹೇಳುತ್ತದೆ, ಚೇತರಿಕೆಯನ್ನಲ್ಲ. ಆ ಕೊರತೆ ತುಂಬಲು ಐಯುಸಿಎನ್ 2021ರಲ್ಲಿ ‘ಹಸಿರು ಸ್ಥಿತಿ’ ಎಂಬ ಇನ್ನೊಂದು ಅಳತೆಯನ್ನು ಜಾರಿಗೆ ತಂದಿತು. ಅದರ ಪ್ರಕಾರ ಒಂದು ಜೀವಿ ಪೂರ್ತಿ ಚೇತರಿಸಿದೆ ಎನ್ನಬೇಕಾದರೆ ಅದು ತನ್ನ ಮೂಲ ನೆಲೆಯ ಎಲ್ಲ ಭಾಗಗಳಲ್ಲೂ ಇರಬೇಕು, ಎಲ್ಲ ಕಡೆಯೂ ಅಳಿವಿನ ಭಯವಿಲ್ಲದೆ ಬದುಕಬೇಕು, ಪ್ರಕೃತಿಯಲ್ಲಿ ತನ್ನ ಪಾಲಿನ ಕೆಲಸವನ್ನೂ ಮಾಡುತ್ತಿರಬೇಕು. ಜೊತೆಗೆ ನಾಲ್ಕು ಪ್ರಶ್ನೆ: ಈವರೆಗಿನ ಸಂರಕ್ಷಣೆ ಏನನ್ನು ಉಳಿಸಿತು, ಅದನ್ನು ನಿಲ್ಲಿಸಿದರೆ ಏನು ಕಳೆಯುತ್ತದೆ, ಮುಂದಿನ 10 ವರ್ಷದಲ್ಲಿ ಏನು ಗಳಿಸಬಹುದು, 100 ವರ್ಷದಲ್ಲಿ ಎಲ್ಲಿಯವರೆಗೆ ಮುಟ್ಟಬಹುದು.

ಈ ಮಾಪನವನ್ನು ನಮ್ಮ ಮೀನಿಗೆ ಹಿಡಿದು ನೋಡಿದರೆ ಸತ್ಯ ಕಹಿಯಾಗಿದೆ. ಮೂಲ ನೆಲೆಯ ಎಲ್ಲ ಭಾಗಗಳಿಗೂ ಅದು ಮರಳುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗದ ಮಾತು. ಕೃಷ್ಣರಾಜಸಾಗರವನ್ನು ಯಾರೂ ಒಡೆಯುವುದಿಲ್ಲ. ಮಂಡ್ಯದ ಗದ್ದೆಗೂ ಬೆಂಗಳೂರಿನ ನಲ್ಲಿಗೂ ಅದು ಬೇಕು. ಹಾಗಾಗಿ ವಾಸ್ತವದ ಗುರಿ ಸಣ್ಣದು: ಒಂದಕ್ಕಿಂತ ಹೆಚ್ಚು ಕಡೆ, ತಮ್ಮಷ್ಟಕ್ಕೆ ಮರಿಮಾಡಿಕೊಂಡು ಉಳಿಯುವ, ಬೆರಕೆಯಾಗದ ಸಂತತಿಗಳು. ಈ ಗುರಿ ಕೈಗೆಟಕುವಂಥದ್ದು ಎಂಬುದು ಈ ಲೇಖಕನ ದೃಢ ಅಭಿಪ್ರಾಯ. ಅದಕ್ಕೆ ಮುಖ್ಯ ಕಾರಣ ಮೋಯಾರ್.

ಮೋಯಾರ್ ಎಂಬ ಆಸರೆ

ನೀಲಗಿರಿಯ ಪೈಕಾರ ಹೊಳೆ ಕೆಳಗಿಳಿದು ಮೋಯಾರ್ ಆಗುತ್ತದೆ. ಬಂಡೀಪುರ ಮತ್ತು ಮುದುಮಲೆ ಕಾಡುಗಳ ನಡುವೆ, ಕರ್ನಾಟಕ–ತಮಿಳುನಾಡಿನ ಗಡಿಯಾಗಿ ಆಳವಾದ ಕಮರಿಯಲ್ಲಿ ಹರಿದು, ಸತ್ಯಮಂಗಲದ ಕಾಡು ದಾಟಿ ಭವಾನಿಸಾಗರ ಸೇರುತ್ತದೆ. ಕಮರಿಯ ಕಡಿದಾದ ಗೋಡೆ, ಹುಲಿ ಸಂರಕ್ಷಿತ ಪ್ರದೇಶದ ಕಾವಲು, ದಾರಿಯಿಲ್ಲದ ದಟ್ಟ ಕಾಡು: ಇವು ಕೂಡಿ ಡುಬ್ಬದ ಮಹಶೀರನ್ನು ಇಲ್ಲಿ ಉಳಿಸಿವೆ. ಕಾವೇರಿಯ ದೈತ್ಯನ ಜಾತಿ ಯಾವುದೆಂದು ಗುರುತಿಸಿದ 2018ರ ಅಧ್ಯಯನಕ್ಕೆ ಮೀನು ಸಿಕ್ಕಿದ್ದೂ ಇಲ್ಲೇ. ಹುಲಿಗಾಗಿ ಕಾದ ಕಾಡು ಯಾರಿಗೂ ಗೊತ್ತಿಲ್ಲದಂತೆ ಒಂದು ಮೀನನ್ನೂ ಕಾಯ್ದಿದೆ.

ಆದರೆ ಎಲ್ಲ ಆಸೆಯನ್ನೂ ಒಂದೇ ಹೊಳೆಯ ಮೇಲೆ ಇಡುವುದು ಅಪಾಯ. ಪೈಕಾರ–ಮೋಯಾರ್ ವಿದ್ಯುತ್ ಯೋಜನೆಗಳು ಈ ನೀರಿನ ಏರಿಳಿತವನ್ನು ನಿಯಂತ್ರಿಸುತ್ತವೆ. ಕೆಳಗೆ ಭವಾನಿಸಾಗರ ಜಲಾಶಯವಿದೆ, ಅಲ್ಲಿಂದ ಹೊರಗಿನ ಮೀನು ಮೇಲೇರಬಹುದು. ಒಂದು ಬೇಸಿಗೆ ಹೊಳೆ ಬತ್ತಿದರೆ, ಒಂದು ಸಲ ವಿಷ ಬಿದ್ದರೆ, ಜಾತಿಯ ಭವಿಷ್ಯವೇ ಅಲ್ಲಾಡುತ್ತದೆ. ವಿಷವೊಂದು ಏನು ಮಾಡಬಲ್ಲದು ಎಂಬುದು ನಮಗೆ ಗೊತ್ತಿದೆ: ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಹಾಕಿದಾಗ ಶಿಶಿಲೇಶ್ವರನ ದೇವರ ಮೀನುಗಳು ರಾಶಿರಾಶಿಯಾಗಿ ತೇಲಿದವು. ಊರವರು ಅವಕ್ಕೊಂದು ಸ್ಮಾರಕ ಕಟ್ಟಿದ್ದಾರೆ.

ದೇವರ ಮೀನಿನ ಈ ಸಂಪ್ರದಾಯ ಕನ್ನಡನಾಡಿನ ದೊಡ್ಡ ಆಸ್ತಿ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ, ಕಾವೇರಿಯ ದಡದ ರಾಮನಾಥಪುರದಲ್ಲಿ ಜನ ಮಂಡಕ್ಕಿ ಎರಚಿ ಕೈಮುಗಿಯುವ ಮೀನಿಗೆ ಗಾಳ ಹಾಕುವವರಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ತುಂಗೆ ಕೃಷ್ಣಾ ಕೊಳ್ಳದ್ದು, ಶಿಶಿಲದ ಕಪಿಲೆ ನೇತ್ರಾವತಿಗೆ ಸೇರುವುದು. ಅಲ್ಲಿನ ಮಹಶೀರ್ ಕಾವೇರಿಯ ಡುಬ್ಬದ ಜಾತಿಯಲ್ಲ. ಅಲ್ಲಿಂದ ಮರಿ ತಂದು ಕಾವೇರಿಗೆ ಬಿಡುವುದು ಹಳೆಯ ತಪ್ಪನ್ನೇ ಮತ್ತೆ ಮಾಡಿದಂತೆ. ಕಲಿಯಬೇಕಾದ್ದು ಕಾಯುವ ಬಗೆಯನ್ನು.

ನೀರಿನ ಲೆಕ್ಕ

ಕಾವೇರಿ ನ್ಯಾಯಮಂಡಳಿ 2007ರ ಅಂತಿಮ ತೀರ್ಪಿನಲ್ಲಿ ಕೊಳ್ಳದ 740 ಟಿಎಂಸಿ ನೀರನ್ನು ಹಂಚುವಾಗ ಪರಿಸರ ರಕ್ಷಣೆಗೆಂದು ತೆಗೆದಿಟ್ಟದ್ದು 10 ಟಿಎಂಸಿ. ಬರಗಾಲದ ವರ್ಷದಲ್ಲಿ ರೈತನಿಗೇ ಸಾಲದ ನೀರು ಮೀನಿಗೆಲ್ಲಿ ಎಂದು ಕೇಳುವುದು ಸಹಜ. ಆದರೆ ಈ ಮೀನಿಗೆ ಬೇಕಾದ್ದು ಬಹಳ ನೀರಲ್ಲ, ಸಮಯಕ್ಕೆ ಸರಿಯಾದ ನೀರು. ಮುಂಗಾರಿನ ಮೊದಲ ಏರಿನಲ್ಲಿ ಮೇಲಕ್ಕೆ ಕರೆಯುವ ಹರಿವು, ಮೊಟ್ಟೆಯಿಟ್ಟ ಮೇಲೆ ಕೆಲವು ದಿನ ಹಠಾತ್ತನೆ ಇಳಿಯದ ಮಟ್ಟ, ಬೇಸಿಗೆಯಲ್ಲಿ ಮಡುಗಳು ಒಂದಕ್ಕೊಂದು ಕೂಡಿಕೊಂಡಿರುವಷ್ಟು ಜಿನುಗು. ಕೆಳರಾಜ್ಯಕ್ಕೆ ಹೇಗೂ ಹರಿದುಹೋಗಬೇಕಾದ ನೀರನ್ನೇ ಈ ಕ್ರಮದಲ್ಲಿ ಬಿಟ್ಟರೆ ಯಾರ ಪಾಲಿನಿಂದಲೂ ಒಂದು ಹನಿ ಕಳೆಯಬೇಕಿಲ್ಲ. ಮೀನುತಜ್ಞರನ್ನು ನೀರಾವರಿ ಎಂಜಿನಿಯರರ ಮೇಜಿಗೆ ಕೂರಿಸುವ ಕೆಲಸವಿದು.

ಮೇಕೆದಾಟು ಯೋಜನೆಯನ್ನು ಇಲ್ಲಿ ಹೇಳದೆ ಬಿಡಲಾಗದು. ಸುಮಾರು 67 ಟಿಎಂಸಿ ಸಾಮರ್ಥ್ಯದ ಆ ಜಲಾಶಯ ಬೆಂಗಳೂರಿನ ಕುಡಿಯುವ ನೀರಿಗೆಂದು ಉದ್ದೇಶಿಸಿದ್ದು. ಅದು ಬಂದರೆ ಮುಳುಗುವ ಜಾಗದಲ್ಲಿ ಕಾವೇರಿ ವನ್ಯಧಾಮದ ಕಾಡೂ ಇದೆ, ಡುಬ್ಬದ ಮಹಶೀರಿನ ಚರಿತ್ರೆಯಲ್ಲೇ ಅತಿ ಪ್ರಸಿದ್ಧವಾದ ಮಡುಗಳೂ ಇವೆ. ನಿಂತ ನೀರಿನಲ್ಲಿ ತಿಲಾಪಿಯ, ಆಫ್ರಿಕನ್ ಕ್ಯಾಟ್‌ಫಿಶ್ ಚೆನ್ನಾಗಿಯೇ ಬೆಳೆಯುತ್ತವೆ. ಹರಿವನ್ನೇ ನಂಬಿದ ಮೀನಿಗೆ ಅದು ಮನೆಯಾಗದು. ಊರಿನ ಬಾಯಾರಿಕೆಯೂ ಸತ್ಯ, ಈ ನಷ್ಟವೂ ಸತ್ಯ. ತೂಗುವಾಗ ಎರಡನ್ನೂ ತಕ್ಕಡಿಯಲ್ಲಿ ಇಡಬೇಕು.

ಬೇರೆಡೆಯ ಪಾಠ

ಅಮೆರಿಕದ ಒರೆಗಾನ್ ಚಬ್ ಬೆರಳುದ್ದದ ಮೀನು. 1993ರಲ್ಲಿ ಅಪಾಯದ ಪಟ್ಟಿಗೆ ಸೇರುವಾಗ ಗೊತ್ತಿದ್ದದ್ದು ಸಾವಿರಕ್ಕಿಂತ ಕಡಿಮೆ. ಜಮೀನುದಾರರ ಸಹಕಾರದಿಂದ ಕೊಳಗಳನ್ನು ಸರಿಪಡಿಸಿ, ಹೊಸ ಜಾಗಗಳಿಗೆ ಒಯ್ದು ಬಿಟ್ಟು, 2015ರ ಹೊತ್ತಿಗೆ 1,40,000 ದಾಟಿತು. ಚೇತರಿಸಿಕೊಂಡು ಆ ಪಟ್ಟಿಯಿಂದ ಹೊರಬಂದ ಅಲ್ಲಿನ ಮೊದಲ ಮೀನಾಯಿತು. ಅರಿಝೋನಾದ ಅಪಾಚೆ ಟ್ರೌಟ್ 2024ರಲ್ಲಿ ಅದೇ ದಾರಿ ಹಿಡಿಯಿತು. ಅದರ ಕಥೆ ನಮಗೆ ಇನ್ನೂ ಹತ್ತಿರ: ಅಲ್ಲೂ ಹೊರಗಿಂದ ತಂದು ಬಿಟ್ಟ ಬೇರೆ ಟ್ರೌಟ್‌ಗಳೇ ಮುಖ್ಯ ಪೀಡೆ. ತೊರೆಗಳಿಗೆ ತಡೆಕಟ್ಟಿ, ಹೊರಗಿನವನ್ನು ತೆಗೆದು, ಮೂಲದ ಮೀನನ್ನು ಮರಳಿ ಬಿಟ್ಟರು. ದಶಕಗಟ್ಟಲೆ ಹಿಡಿದ ಕೆಲಸ.

ಇನ್ನೊಂದು ತುದಿಯಲ್ಲಿ ಚೀನದ ಯಾಂಗ್ಟ್ಸಿ ನದಿಯ ಪ್ಯಾಡಲ್‌ಫಿಶ್ ಇದೆ. 1981ರಲ್ಲಿ ಗೆಝೌಬಾ ಅಣೆಕಟ್ಟು ಮೊಟ್ಟೆಯಿಡಲು ಹೋಗುವ ಅದರ ದಾರಿಯನ್ನು ತಡೆಯಿತು. ದೊಡ್ಡ ದೇಹ, ದೀರ್ಘಾಯುಷ್ಯ ಇದ್ದುದರಿಂದ ಮೀನು ಇನ್ನೂ ಕೆಲವು ವರ್ಷ ಕಾಣುತ್ತಲೇ ಇತ್ತು, ಇದೆಯಲ್ಲ ಎಂದು ಜನ ಸುಮ್ಮನಿದ್ದರು. ಕಡೆಯದಾಗಿ ಕಂಡದ್ದು 2003ರಲ್ಲಿ. 2022ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು. ಕಾವೇರಿಯ ಲೆಕ್ಕದ ಪುಸ್ತಕದಲ್ಲಿ ಕಂಡ, ಮರಿಗಳಿಲ್ಲದೆ ದೊಡ್ಡವಷ್ಟೇ ಉಳಿದ ಚಿತ್ರವನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು.

ಏನು ಮಾಡಬಹುದು

ಮೊದಲನೆಯದು, ಕಾವೇರಿ ಕೊಳ್ಳಕ್ಕೆ ಬೇರೆ ಕೊಳ್ಳದ ಮಹಶೀರ್ ಬಿತ್ತನೆ ಇನ್ನು ಬೇಡ. ಖರ್ಚಿಲ್ಲದ, ಇವತ್ತೇ ಮಾಡಬಹುದಾದ ಕೆಲಸವಿದು. ಮರಿ ಉತ್ಪಾದನೆಯನ್ನು ಬಿಟ್ಟುಕೊಡಬೇಕಿಲ್ಲ. ಟಾರ್ ರೆಮಾದೇವಿಯದೇ ತಾಯಿಮೀನುಗಳಿಂದ, ಡಿಎನ್‌ಎ ನೋಡಿ ಬೆರಕೆಯಿಲ್ಲವೆಂದು ಖಚಿತಪಡಿಸಿಕೊಂಡು ಮಾಡಬೇಕು. ಕೆಲವೇ ತಾಯಿಮೀನುಗಳಿಂದ ಲಕ್ಷ ಮರಿ ತೆಗೆದರೆ ಎಲ್ಲವೂ ಅಣ್ಣತಮ್ಮಂದಿರೇ ಆಗಿ ಸಂತತಿ ಬಡವಾಗುತ್ತದೆ, ಮೋಯಾರಿನಿಂದ ಹೆಚ್ಚು ತಾಯಿಮೀನು ತೆಗೆದರೆ ಉಳಿದ ಆಸರೆಯೂ ಸೊರಗುತ್ತದೆ. ಈ ಎರಡರ ನಡುವಿನ ಹದ ಬೇಕು. ಮರಿ ಬಿಡುವ ಮುನ್ನ ಹೊಳೆಯಲ್ಲಿ ಮೀನನ್ನು ಕುಗ್ಗಿಸಿದ ಕಾರಣಗಳು ನಿವಾರಣೆಯಾಗಿರಬೇಕು. ತೂತು ಮಡಕೆಗೆ ನೀರು ತುಂಬಿ ಫಲವಿಲ್ಲ.

ಎಣಿಸುವ ಕೆಲಸವೂ ಮತ್ತೆ ಶುರುವಾಗಬೇಕು. ವನ್ಯಧಾಮದೊಳಗೆ ಗಾಳ ನಿಂತು 2012ರಲ್ಲಿ ಶಿಬಿರಗಳು ಮುಚ್ಚಿದಾಗ ಲೆಕ್ಕದ ಪುಸ್ತಕವೂ ಮುಚ್ಚಿತು, ಹೊಳೆದಂಡೆಯಲ್ಲಿ ಹಗಲುರಾತ್ರಿ ಇದ್ದ ಕಾವಲೂ ಹೋಯಿತು. ಗಾಳಕ್ಕೆ ಮತ್ತೆ ಅನುಮತಿ ಕೊಡಬೇಕೇ ಎಂಬುದು ವಾದದ ವಿಷಯ; ಸಂಶೋಧಕರಲ್ಲಿ ಕೆಲವರು ಕೊಡಬೇಕೆನ್ನುತ್ತಾರೆ, ಸಂರಕ್ಷಿತ ಕಾಡಿನಲ್ಲಿ ಮೀನಿಗೂ ನೆಮ್ಮದಿ ಬೇಕೆನ್ನುವವರ ಮಾತಿನಲ್ಲೂ ಹುರುಳಿದೆ. ಶಿಬಿರಗಳಲ್ಲಿ ದುಡಿದ ದಡದ ಊರಿನವರ ತಿಳಿವಳಿಕೆ ಮಾತ್ರ ವಾದಕ್ಕೆ ಮೀರಿದ್ದು. ಯಾವ ಮಡುವಿನಲ್ಲಿ ಯಾವ ತಿಂಗಳು ಮೀನು ನಿಲ್ಲುತ್ತದೆ ಎಂದು ಬಲ್ಲ ಅವರಿಗೆ ಕಾವಲಿನ, ಎಣಿಕೆಯ ಕೆಲಸ ಸಂಬಳದ ಸಮೇತ ಸಿಗಬೇಕು. ಒಂದು ಲೋಟ ಹೊಳೆನೀರಿನಿಂದಲೇ ಅಲ್ಲಿ ಯಾವ ಮೀನಿದೆ ಎಂದು ಡಿಎನ್‌ಎ ಮೂಲಕ ಹೇಳುವ ತಂತ್ರ ಈಗ ಇದೆ. ಮೀನಿಗೆ ಕೈ ಹಚ್ಚದೆ ಕೊಳ್ಳವನ್ನೆಲ್ಲ ಹುಡುಕಬಹುದು.

ಓದುಗರಲ್ಲಿ ಕಾವೇರಿ ಸೀಮೆಯವರಿದ್ದರೆ ಒಂದು ಕೋರಿಕೆ. ನಿಮ್ಮ ಊರಿನ ಹೊಳೆಗೆ ಮಹಶೀರ್ ಮರಿ ಬಿಡುವ ಸಮಾರಂಭ ನಡೆದರೆ, ಹಾರ ತುರಾಯಿಗಳ ಮೊದಲು ಮರಿಯ ಜಾತಿ ಯಾವುದು, ಯಾವ ನದಿಯಿಂದ ಬಂದದ್ದು ಎಂದು ಕೇಳಿ. ಉತ್ತರ ಸಿಗದಿದ್ದರೆ ಆ ಮರಿಗಳನ್ನು ಕಾವೇರಿಗೆ ಬಿಡಲು ಒಪ್ಪಬೇಡಿ.